ಮೂಗು ಮುಚ್ಚಿಕೊಂಡವಳ ಪ್ರೀತಿ

"ಥೂ!"

ಕಾರಿನ ಸೀಟಿನ ಕೆಳಗೆ ತೂರಿಸಿದ್ದ ಕೈಯನ್ನು ಅವಳು ಹಾವು ಮುಟ್ಟಿದವಳಂತೆ ಹೊರಗೆಳೆದುಕೊಂಡಳು. ಬೆರಳಿಗೆ ಏನೋ ತಣ್ಣಗೆ, ಅಂಟಂಟಾಗಿ ಮೆತ್ತಿಕೊಂಡಿತ್ತು. ಮೂಗಿನ ಹತ್ತಿರ ತಂದಳು... ತರಬಾರದಿತ್ತು!

ಹುಳಿ ನಾತ. ವಾಂತಿ.

ಬೆಳಗ್ಗೆ ತಿಂದದ್ದೆಲ್ಲ ಗಂಟಲಿಗೆ ಬಂದು ನಿಂತಿತು. ಓಡಿಹೋಗಿ ನಲ್ಲಿಯ ಕೆಳಗೆ ಕೈ ಹಿಡಿದಳು. ಸೋಪು ಹಚ್ಚಿದಳು. ತೊಳೆದು ಮತ್ತೆ ಹಚ್ಚಿದಳು. ಆಮೇಲೆ ತಿರುಗಿ ಆ ಕಾರಿನ ಯಜಮಾನನನ್ನು ನೋಡಿದಳು.

ನೋಡಿ ಇನ್ನಷ್ಟು ಉರಿಯಿತು!

ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಪ್ಪವಾಗಿ ಕತ್ತರಿಸಿದ ಉಗುರು. ಮುಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ ಎಂದು ಚಿಕ್ಕಪ್ಪ ಹೇಳಿದ್ದ. ಮನುಷ್ಯ ಇಷ್ಟು ಬಿಳುಪು, ಕಾರು ಅಷ್ಟು ಹೊಲಸು!

"ಸ್ಪೀಕರಿನ ಆಂಪ್ಲಿಫೈಯರ್ ಸ್ವಲ್ಪ ಹೊತ್ತು ಓಡುತ್ತೆ, ಆಮೇಲೆ ಕೆಂಪು ದೀಪ ಬಂದು ತಾನಾಗೇ ಆಫ್ ಆಗಿಬಿಡುತ್ತೆ," ಎಂದ ಅವನು. "ಬೇಗ ಸರಿ ಮಾಡಿಕೊಟ್ರೆ..."

"ಬೇಗಾನಾ? ಮೊದಲು ಗಾಡಿ ತೊಳೆಸ್ಕೊಂಡು ಬನ್ನಿ! ಕುಡಿದು ಗಾಡಿಯೊಳಗೆ ಕಕ್ಕಿಕೊಳ್ಳೋರ ಎಂಜಲು ಬಳಿಯೋಕೆ ನಾನಿಲ್ಲಿ ಕೂತಿಲ್ಲ!"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಸ್ಪೀಕರ್ ಕೊಳ್ಳಲು ಬಂದಿದ್ದ ಒಬ್ಬ ಕಿಸಕ್ಕನೆ ನಕ್ಕ.

ಕನ್ನಡಕದವನ ಮುಖ ಕೆಂಪಾಯಿತು. ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿ ಮತ್ತೆ ಹಾಕಿಕೊಂಡ.

"ತೊಳೆಸ್ಕೊಂಡು ಬರ್ತೀನಿ," ಎಂದಷ್ಟೇ ಹೇಳಿ ಕಾರು ಹತ್ತಿದ.

'ಬಾಯಿ ಕಟ್ಟಿತು ನೋಡು! ನಿಜ ಅಂದರೆ ಹಾಗೇ,' ಎಂದುಕೊಂಡಳು ಅವಳು.

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಮೀಟರಮ್ಮ ಎಂದೇ ಕರೆಯುತ್ತಿದ್ದರು. ಕರೆಂಟು ಅಳೆಯುವ ಮೀಟರು ಸದಾ ಕೊರಳಲ್ಲಿ ನೇತಾಡುತ್ತಿದ್ದುದಕ್ಕೆ ಆ ಹೆಸರು. "ಅದಕ್ಕಲ್ಲ, ಅವಳ ತಲೆಯ ಮೀಟರು ಬೇಗ ಏರುತ್ತೆ, ಅದಕ್ಕೆ!" ಎಂದು ಚಿಕ್ಕಪ್ಪ ನಗುತ್ತಿದ್ದ. ಅಂಗಡಿ ಅವನದು, ರಿಪೇರಿ ಅವಳದು. ಕಾರಿನೊಳಗೆ ಹಾಡುವ, ಗುಡುಗುವ, ಗೊರಗುಟ್ಟುವ ಏನೇ ಇರಲಿ, ಅವಳ ಕೈಗೆ ಬಂದರೆ ದಾರಿಗೆ ಬರುತ್ತಿತ್ತು.

ಗ್ರೀಸು, ಮಸಿ, ಧೂಳು ಅವಳಿಗೆ ಅಸಹ್ಯವಲ್ಲ. ಆದರೆ ವಾಂತಿ...

ಅವಳ ಅಪ್ಪನೂ ಬಿಳಿ ಅಂಗಿಯವನೇ. ಬೆಳಗ್ಗೆ ಪೌಡರು ಹಾಕಿ, ತಲೆ ಬಾಚಿ, ದೊರೆಯ ಹಾಗೆ ಹೊರಟರೆ, ತಿರುಗಿ ಬರುವಾಗ ಬಾಗಿಲಲ್ಲೇ ಕುಸಿದು ಕಕ್ಕುತ್ತಿದ್ದ. ಅಮ್ಮ ಮಾತಾಡದೆ ಬೂದಿ ಸುರಿದು, ಗೋರಿ, ತೊಳೆಯುತ್ತಿದ್ದಳು. ಅಪ್ಪ ಹೋದ ಮೇಲೂ ಆ ಹೊಸ್ತಿಲ ನಾತ ಅವಳ ಮೂಗಿನಿಂದ ಹೋಗಲಿಲ್ಲ. 'ಯಾವ ಗಂಡಸಿನ ವಾಂತಿಯನ್ನೂ ನಾನು ಬಳಿಯಲ್ಲ' ಎಂದು ಅವಳು ಎಂದೋ ನಿಶ್ಚಯಿಸಿಬಿಟ್ಟಿದ್ದಳು. ಬಂದ ಸಂಬಂಧಗಳನ್ನೆಲ್ಲ ಒಂದೊಂದು ನೆಪ ಹೇಳಿ ವಾಪಸ್ಸು ಕಳಿಸಿದ್ದಳು.

* * *

ಕಾರು ಮರುದಿನ ಫಿನಾಯಿಲ್ ವಾಸನೆ ಹೊತ್ತು ಬಂತು.

ಆದರೂ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಅವಳು ಒಳಗೆ ಕೂತಳು. ಆಂಪ್ಲಿಫೈಯರ್ ಮುಂದಿನ ಸೀಟಿನ ಅಡಿಯಲ್ಲಿತ್ತು. ಫ್ಯೂಸ್ ನೋಡಿದಳು, ಸರಿಯಿತ್ತು. ಸ್ಪೀಕರ್ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಪರೀಕ್ಷಿಸಿದಾಗ ಒಂದರ ಸಿಪ್ಪೆ ಸವೆದು ತಾಮ್ರ ಕಾರಿನ ಮೈಗೆ ತಾಗುತ್ತಿತ್ತು.

'ಸಿಕ್ಕಿಬಿದ್ದೆ ಕಳ್ಳ!'

ವೈರು ಬದಲಿಸಿದಳು. ಕೆಂಪು ದೀಪ ಹೋಗಿ ಹಸಿರು ಬಂತು. ಅವನು ಅಷ್ಟು ಹೊತ್ತೂ ಬಾಗಿಲ ಹತ್ತಿರ ನಿಂತು ಅವಳು ಬೆಸುಗೆ ಹಾಕುವುದನ್ನೇ ನೋಡುತ್ತಿದ್ದ.

"ನೀವು ಕೆಲಸ ಮಾಡುವಾಗ ಕಣ್ಣು ತುಂಬ ಕಿರಿದು ಮಾಡ್ತೀರಿ. ಒಂದ್ಸಲ ಪರೀಕ್ಷೆ ಮಾಡಿಸಿದ್ರೆ ಒಳ್ಳೇದು," ಎಂದ ಮೆಲ್ಲಗೆ.

"ನನ್ನ ಕಣ್ಣು ಬಿಡಿ, ನಿಮ್ಮ ಮೂಗು ತೋರಿಸ್ಕೊಳ್ಳಿ! ಈ ಗಾಡೀಲಿ ದಿನಾ ಕೂರ್ತೀರಲ್ಲ!"

ಅವನು ಸಿಟ್ಟಾಗಲಿಲ್ಲ. ಸಣ್ಣಗೆ ನಕ್ಕ. ಆ ನಗು ಚೆನ್ನಾಗಿತ್ತು. ಚೆನ್ನಾಗಿದೆ ಎಂದು ತನಗೆ ಅನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. 'ಛೀ! ಅಪ್ಪನೂ ಹಗಲು ಹೊತ್ತು ಹೀಗೇ ನಗ್ತಿದ್ದ!'

ಒಂದು ವಾರ ಕಳೆದಿರಲಿಲ್ಲ, ಅದೇ ಕಾರು ಮತ್ತೆ ಅಂಗಡಿಯ ಮುಂದೆ!

"ಮತ್ತೆ ಆಫ್ ಆಗ್ತಿದೆ," ಎಂದ ಅವನು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ರಸ್ತೆ ಮಧ್ಯದಲ್ಲಿ ಸದ್ದು ನಿಂತೋಯ್ತು."

ಅವಳು ಬಾಗಿಲು ತೆರೆದಳು. ಫಿನಾಯಿಲ್ ಮಾಯವಾಗಿತ್ತು. ಹುಳಿ ನಾತ, ಅದರ ಮೇಲೆ ಉಚ್ಚೆಯ ಘಾಟು. ಕಣ್ಣಲ್ಲಿ ನೀರೇ ಬಂತು!

"ನಾಚಿಕೆ ಆಗಲ್ವೇನ್ರೀ ನಿಮಗೆ?" ಅವಳು ಕೂಗಿದಳು. "ಮೈಮೇಲೆ ಪ್ರಜ್ಞೆ ಇಲ್ಲದಷ್ಟು ಕುಡೀತೀರಾ? ಪ್ರಾಣಿಗಳೂ ಮಲಗೋ ಜಾಗ ಹೊಲಸು ಮಾಡ್ಕೊಳ್ಳಲ್ಲ! ನಿಮ್ಮನ್ನ ಕಟ್ಟಿಕೊಳ್ಳೋಳು ಯಾವ ಜನ್ಮದ ಪಾಪ ಮಾಡಿರ್ಬೇಕೋ!"

"ಅದಕ್ಕೇ ಯಾರೂ ಕಟ್ಟಿಕೊಂಡಿಲ್ಲ," ಎಂದ ಅವನು, ಹಾಸ್ಯ ಮಾಡುವವನಂತೆ. ಆದರೆ ಆ ಮಾತು ಮುಗಿಯುವಾಗ ಧ್ವನಿ ಒಡೆಯಿತು. ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಚಿಕ್ಕಪ್ಪ ವೈರಿನ ಸುರುಳಿ ಕೆಳಗಿಟ್ಟ.

"ಮಗಳೇ, ಬಾಯಿಂದ ಬಿದ್ದ ಮಾತು, ಒಡೆದ ಗಾಜು ಎರಡೂ ಒಂದೇ. ಸ್ವಲ್ಪ ನೋಡಿ ಮಾತಾಡು."

"ನೀನೇ ಬಾ ಚಿಕ್ಕಪ್ಪ, ಈ ಬಾಗಿಲ ಹತ್ತಿರ ನಿಂತು ಒಂದ್ಸಲ ಉಸಿರು ತಗೋ!"

ಚಿಕ್ಕಪ್ಪ ಬಂದ. ತಗೊಂಡ. ಮೂಗು ಹಿಡಿದುಕೊಂಡು ವಾಪಸ್ಸು ಹೋಗಿ ಕೂತ.

* * *

ಅವಳು ಸರಿ ಮಾಡಿ ಕಳಿಸಿದ್ದು ಮತ್ತೆ ಕೆಟ್ಟು ಬರುವುದೆಂದರೆ ಅವಮಾನ. ನಾತಕ್ಕಿಂತ ಅವಮಾನವೇ ಹೆಚ್ಚಾಗಿ ಅವಳು ಕೈಗವಸು ಹಾಕಿದಳು.

ಇಂಜಿನ್ ಚಾಲೂ ಮಾಡಿ ಆಂಪ್ಲಿಫೈಯರಿಗೆ ಮೀಟರು ಹಿಡಿದಳು. ಸುಮ್ಮನಿದ್ದಾಗ ಕರೆಂಟು ಸರಿಯಾಗಿಯೇ ಬರುತ್ತಿತ್ತು. ದಪ್ಪ ಸದ್ದಿನ ದೊಡ್ಡ ಸ್ಪೀಕರ್, ಆ ಸಬ್ ವೂಫರ್, ಗುಡುಗಿದ ಕೂಡಲೇ ಮೀಟರಿನ ಮುಳ್ಳು ಧೊಪ್ಪನೆ ಬೀಳುತ್ತಿತ್ತು. ಬ್ಯಾಟರಿಯ ಹತ್ತಿರ ಹಿಡಿದರೆ ಅಲ್ಲಿ ಒಂಚೂರೂ ಬೀಳುತ್ತಿರಲಿಲ್ಲ.

'ಅಂದರೆ ದಾರಿಯಲ್ಲಿ ಎಲ್ಲೋ ತಡೆ. ಕರೆಂಟು ತಿರುಗಿ ಹೋಗೋ ಅರ್ಥ್ ವೈರು!'

ಮುಂದಿನ ಸೀಟು ಬಿಚ್ಚಿ ಹೊರಗಿಟ್ಟಳು. ಹಿಂದೆ ಕೂರುವವರು ಕಾಲಿಡುವ ಜಾಗದ ಕಾರ್ಪೆಟ್ಟು ಎತ್ತಿದಳು. ನೆಲದ ತಗಡಿಗೆ ಅರ್ಥ್ ವೈರು ಬಿಗಿದಿದ್ದ ಬೋಲ್ಟಿನ ಮೇಲೆ ಬಿಳಿ, ಹಸಿರು ಕಿಲುಬು ಬೂಷ್ಟಿನಂತೆ ಉಬ್ಬಿತ್ತು. ಸುತ್ತ ಹಳದಿ ನೀರು ಒಣಗಿದ ಗುರುತು. ಮೇಲೆ ಚೆಲ್ಲಿದ್ದೆಲ್ಲ ಇಳಿದಿಳಿದು ಇಲ್ಲಿ ಬಂದು ಕಬ್ಬಿಣವನ್ನು ತಿಂದುಹಾಕಿತ್ತು. ಮುಖ ತಿರುಗಿಸಿ, ಉಸಿರು ಕಟ್ಟಿ, ಉಪ್ಪು ಕಾಗದದಿಂದ ಉಜ್ಜತೊಡಗಿದಳು. ಎರಡು ಸಲ ಎದ್ದುಹೋಗಿ ಓಕರಿಸಿ ಬಂದಳು.

ಉಜ್ಜುತ್ತಿದ್ದ ಕೈ ಇದ್ದಕ್ಕಿದ್ದಂತೆ ನಿಂತಿತು.

ಹೊಲಸೆಲ್ಲ ಹಿಂದಿನ ಸೀಟಿನ ಒಂದೇ ಬದಿಯಲ್ಲಿತ್ತು. ಸ್ಟಿಯರಿಂಗ್ ಹತ್ತಿರ ಒಂದು ಕಲೆಯೂ ಇಲ್ಲ.

'ಗಾಡಿ ಓಡಿಸೋನು ಹಿಂದಿನ ಸೀಟಲ್ಲಿ ಹೇಗೆ ವಾಂತಿ ಮಾಡ್ತಾನೆ?'

ಎದೆಯಲ್ಲಿ ಏನೋ ಚುರುಕ್ಕೆಂದಿತು. ಆದರೆ ಸಿಟ್ಟು ಸುಲಭವಾಗಿ ಸೋಲುತ್ತದೆಯೇ? 'ಕುಡುಕ ಸ್ನೇಹಿತರನ್ನ ಹಾಕ್ಕೊಂಡು ಸುತ್ತುತ್ತಾನೆ, ಅಷ್ಟೇ!' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನೀರು ತಾಗದ ಹಾಗೆ ಅರ್ಥ್ ಬೋಲ್ಟನ್ನು ಎತ್ತರದ ಜಾಗಕ್ಕೆ ಬದಲಿಸಿ, ದಪ್ಪ ಹೊಸ ವೈರು ಎಳೆದಳು. ಪರೀಕ್ಷೆಗೆಂದು ಕಾರಿನಲ್ಲೇ ಇದ್ದ ಪೆನ್ ಡ್ರೈವ್ ಹಾಕಿದಳು.

ದಡ್... ದಡ್... ದಡ್... ದಡ್...

ಹಾಡಿಲ್ಲ, ರಾಗವಿಲ್ಲ. ಕಾರಿನ ನೆಲ ನಡುಗುವ ಹಾಗೆ ಒಂದೇ ಸಮ ಬಡಿತ.

"ಇದೇನು ಹಾಡೋ, ಹೊಟ್ಟೆನೋವೋ!" ಎಂದು ಚಿಕ್ಕಪ್ಪ ಕಿವಿ ಮುಚ್ಚಿಕೊಂಡ.

ಕನ್ನಡಕದವನು ಸಂಜೆ ಬಂದಾಗ ಅವಳು ಕೀಲಿ ಕೊಡಲಿಲ್ಲ.

"ಇನ್ನೊಂದು ಸಲ ವಾಪಸ್ಸು ಬಂದ್ರೆ ನನ್ನ ಹೆಸರು ಕೆಡುತ್ತೆ. ನಿಂತ ಗಾಡೀಲಿ ಪರೀಕ್ಷೆ ಮಾಡಿದ್ರೆ ಸಾಲದು. ಓಡುವಾಗ ನಾನೂ ಕೂತು ನೋಡ್ಬೇಕು."

"ಬೇಡ. ನಾಳೆ ಆಸ್ಪತ್ರೆಗೆ ಹೋಗೋದಿದೆ."

"ಹೋಗಿ. ನಾನು ಹಿಂದೆ ಕೂರ್ತೀನಿ."

"ಹಿಂದೆ... ಇನ್ನೊಬ್ಬರು ಕೂರ್ತಾರೆ."

"ಯಾರು?"

ಅವನು ಮೇಜಿನ ಮೇಲಿದ್ದ ಚೀಟಿಯಲ್ಲಿ ಮನೆಯ ವಿಳಾಸ ಬರೆದುಕೊಟ್ಟ.

"ಬೆಳಗ್ಗೆ ಮನೆ ಹತ್ತಿರ ಬನ್ನಿ," ಎಂದ.

* * *

ಮರುದಿನ ಬೆಳಗ್ಗೆ ಅವನು ತನ್ನ ಅಪ್ಪನನ್ನು ಮೆಟ್ಟಿಲ ಮೇಲಿಂದ ಮಗುವಿನಂತೆ ತಬ್ಬಿ ಎತ್ತಿಕೊಂಡು ಇಳಿದ.

ಅವಳು ಕಾರಿನ ಪಕ್ಕದಲ್ಲಿ ಕಲ್ಲಾಗಿ ನಿಂತಳು.

ಮುದುಕರ ಅರ್ಧ ಮುಖ ಜೋತುಬಿದ್ದಿತ್ತು. ಒಂದು ಕೈ ಒಣಗಿದ ಟೊಂಗೆಯಂತೆ ಎದೆಗೆ ಅಂಟಿತ್ತು. ಅಂಗಿಯ ಗುಂಡಿಗಳನ್ನೆಲ್ಲ ಕೊರಳಿನವರೆಗೂ ಒಪ್ಪವಾಗಿ ಹಾಕಿತ್ತು. ಕಾರು ಕಂಡದ್ದೇ ಅವರು ಮಗನ ಕತ್ತು ಹಿಡಿದು ನರಳತೊಡಗಿದರು. ಕಣ್ಣಲ್ಲಿ ಅಷ್ಟು ಭಯ!

"ಅಪ್ಪ ಪ್ರಿಂಟಿಂಗ್ ಪ್ರೆಸ್ಸಲ್ಲಿ ದೊಡ್ಡ ಮಷೀನು ನಡೆಸ್ತಿದ್ರು," ಎಂದ ಅವನು, ಅವರನ್ನು ಮೆಲ್ಲಗೆ ಕೂರಿಸುತ್ತ. "ಆ ಸದ್ದಿಗೇ ಕಿವಿ ಹೋಯ್ತು. ಲಕ್ವ ಹೊಡೆದ ಮೇಲೆ ನೆನಪೂ ಹೋಗ್ತಿದೆ. ಗಾಡಿ ಅಲ್ಲಾಡಿದ್ರೆ ಬೀಳ್ತೀನಿ ಅಂತ ಹೆದರ್ತಾರೆ. ಮಷೀನಿನ ಆ ಬಡಿತ ಕಾಲಡಿಗೆ ತಾಗಿದ್ರೆ ಮಾತ್ರ ಸುಮ್ಮನಿರ್ತಾರೆ. ಕೆಲಸದಲ್ಲಿದ್ದೀನಿ ಅಂದ್ಕೋತಾರೋ ಏನೋ... ಪ್ರೆಸ್ಸಿಗೆ ಹೋಗಿ ರೆಕಾರ್ಡ್ ಮಾಡ್ಕೊಂಡು ಬಂದೆ."

ಗುಂಡಿ ಒತ್ತಿದ.

ದಡ್... ದಡ್... ದಡ್...

ಮುದುಕರ ನರಳಾಟ ನಿಂತಿತು. ಬಿಗಿದ ಭುಜ ಸಡಿಲಾಯಿತು. ಚೆನ್ನಾಗಿರುವ ಕೈಯನ್ನು ಮುಂದೆ ಚಾಚಿ, ಕಾಣದ ಹಾಳೆಯೊಂದನ್ನು ಎತ್ತಿ ಪಕ್ಕಕ್ಕಿಡುವಂತೆ ಆಡಿಸತೊಡಗಿದರು.

"ಆಂಪ್ಲಿಫೈಯರ್ ನಿಂತ್ರೆ..." ಎಂದಳು ಅವಳು.

"ಹೆದರಿ ವಾಂತಿ. ಬಟ್ಟೆಯಲ್ಲೇ ಎಲ್ಲಾ."

ಅವಳಿಗೆ ಪೂರ್ತಿ ಅರ್ಥವಾಯಿತು. ಆಂಪ್ಲಿಫೈಯರ್ ನಿಂತರೆ ಮುದುಕರು ಹೆದರುತ್ತಾರೆ. ಅವರು ಹೆದರಿದರೆ ನೀರು ಇಳಿದು ಬೋಲ್ಟು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದರೆ ಆಂಪ್ಲಿಫೈಯರ್ ಮತ್ತೆ ನಿಲ್ಲುತ್ತದೆ...

'ನಾನು ಏನೇನು ಅಂದುಬಿಟ್ಟೆ! ಪ್ರಾಣಿ ಅಂದೆನಲ್ಲ... ಯಾರನ್ನ ಅಂದೆ ನಾನು!'

ಮುದುಕರ ಪಕ್ಕದಲ್ಲಿ ಕೂತಳು. ಕಾರು ಹೊರಟಿತು. ಆಂಪ್ಲಿಫೈಯರ್ ಒಮ್ಮೆಯೂ ತಡವರಿಸಲಿಲ್ಲ. ಮಾರುಕಟ್ಟೆ ದಾಟಿತು, ಸೇತುವೆ ದಾಟಿತು. ಅವಳು ಉಸಿರು ಬಿಡುವಷ್ಟರಲ್ಲಿ ಒಂದು ನಾಯಿ ಅಡ್ಡ ಬಂತು. ಅವನು ಬ್ರೇಕ್ ಒತ್ತಿದ. ಮುದುಕರು ಮುಂದಕ್ಕೆ ಮುಗ್ಗರಿಸಿದರು...

ಬೆಚ್ಚಗೆ, ಹುಳಿಯಾಗಿ, ಅವಳ ಮಡಿಲ ತುಂಬ!

ಅವಳ ಮೈಯೆಲ್ಲ ಮುಳ್ಳೆದ್ದಿತು. ಬಾಗಿಲು ತೆರೆದು ಹಾರಿಬಿಡಬೇಕು ಅನ್ನಿಸಿತು. ಹೊಸ್ತಿಲು, ಬೂದಿ, ಅಮ್ಮನ ಬಗ್ಗಿದ ಬೆನ್ನು, ಎಲ್ಲವೂ ಕಣ್ಣೆದುರು ಬಂದವು. ಅಸಹ್ಯ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಆದರೂ ಅವಳ ಅಂಗೈ ಮುದುಕರ ಹಣೆಯನ್ನು ಹಿಡಿದುಕೊಂಡಿತ್ತು. ಯಾವಾಗ ಹಿಡಿದಳೋ ಅವಳಿಗೇ ಗೊತ್ತಿರಲಿಲ್ಲ.

ಅವನು ಕಾರು ಪಕ್ಕಕ್ಕೆ ಹಾಕಿ ಓಡಿಬಂದ.

"ಕ್ಷಮಿಸಿ! ದಯವಿಟ್ಟು ಕ್ಷಮಿಸಿ, ನಾನು ಬೇಡ ಅಂದಿದ್ದೆ..."

"ಮಾತಾಡ್ಬೇಡಿ! ಬಾಯಿ ತೆರೆದ್ರೆ ನನಗೂ ಬಂದುಬಿಡುತ್ತೆ! ಟವಲ್ ಕೊಡಿ!"

ಇಬ್ಬರೂ ಸೇರಿ ಒರೆಸಿದರು. ಅವಳು ಮಧ್ಯೆ ಇಳಿದುಹೋಗಿ ಚರಂಡಿಯ ಪಕ್ಕದಲ್ಲಿ ನಿಜವಾಗಿಯೂ ವಾಂತಿ ಮಾಡಿಕೊಂಡಳು. ಅವನು ನೀರಿನ ಬಾಟಲಿ ಹಿಡಿದು, ಸ್ವಲ್ಪ ದೂರದಲ್ಲಿ ನಿಂತ.

"ಯಾಕೆ ಹೇಳಲಿಲ್ಲ?" ಬಾಯಿ ತೊಳೆದುಕೊಂಡು ಕೇಳಿದಳು. "ಅಷ್ಟು ಜನರ ಮುಂದೆ ನಿಮ್ಮನ್ನ ಕುಡುಕ ಅಂದೆ. ಒಂದು ಮಾತು ಹೇಳಬಾರದಿತ್ತಾ?"

"ನಮ್ಮಪ್ಪ ಕೊರಳಗುಂಡಿ ಬಿಚ್ಚಿಕೊಂಡು ಬಾಗಿಲಿಗೂ ಬರ್ತಿರಲಿಲ್ಲ ರೀ. ಅಂಥವರು ಈಗ ಬಟ್ಟೆಯಲ್ಲೇ ಮಾಡ್ಕೋತಾರೆ ಅಂತ ಅಂಗಡೀಲಿ ನಿಂತು ಹೇಗೆ ಹೇಳ್ಲಿ? ಕುಡುಕ ಅಂದ್ರೆ ನನ್ನ ಮರ್ಯಾದೆ ತಾನೇ ಹೋಗೋದು? ಹೋಗ್ಲಿ ಅಂತ ಸುಮ್ಮನಾದೆ."

ಅವಳಿಗೆ ಅಳು ಬಂತು. ಆ ಹೊಲಸು ಬಟ್ಟೆಯಲ್ಲೇ, ರಸ್ತೆಯ ಪಕ್ಕದಲ್ಲೇ ನಿಂತು ಅತ್ತಳು. ಬಿಳಿ ಅಂಗಿಯ ತನ್ನ ಅಪ್ಪನ ಕಥೆಯನ್ನು ಮೊದಲ ಸಲ ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿದಳು. ಅವನು ಎಲ್ಲವನ್ನೂ ಕೇಳಿದ. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅವಳ ಕೈಗೆ ಸುರಿದ, ಅಷ್ಟೇ.

* * *

ಆಮೇಲೆ ಅವನು ಬರಲೇ ಇಲ್ಲ.

ಬರಲು ಕಾರಣವಾದರೂ ಏನಿದೆ? ಆಂಪ್ಲಿಫೈಯರ್ ಕೆಡಲೇ ಇಲ್ಲ! ಅಂಗಡಿಯ ಮುಂದೆ ಕಾರು ನಿಂತ ಸದ್ದಾದರೆ ಅವಳು ಕತ್ತು ಚಾಚುತ್ತಿದ್ದಳು. ಬೇರೆ ಯಾರೋ ಇಳಿಯುತ್ತಿದ್ದರು.

"ಈಚೆಗೆ ನಿನ್ನ ಕೆಲಸ ಅತಿಯಾಗಿ ಚೆನ್ನಾಗಾಗ್ತಿದೆ ಮಗಳೇ. ಹೋದ ಗಿರಾಕಿ ವಾಪಸ್ಸೇ ಬರಲ್ಲ," ಎಂದ ಚಿಕ್ಕಪ್ಪ, ಮೀಸೆಯಡಿ ನಗುತ್ತ.

"ನೀನು ಸುಮ್ನಿರು ಚಿಕ್ಕಪ್ಪ!"

'ಅವರು ಯಾಕಾದ್ರೂ ಬರ್ತಾರೆ? ಅಷ್ಟೆಲ್ಲ ಅಂದಿದ್ದೀನಿ. ನನ್ನ ನಾಲಿಗೆ ನೆನೆಸಿಕೊಂಡ್ರೇ ಅವರಿಗೆ ವಾಕರಿಕೆ ಬರಬೇಕು...'

ತನ್ನ ಮೇಲಿನ ಹೇಸಿಗೆಯನ್ನು ಯಾವ ಸೋಪಿನಿಂದ ತೊಳೆಯುವುದು? ಅವಳಿಗೆ ತಿಳಿಯಲಿಲ್ಲ. ಕೊನೆಗೊಂದು ಬೆಳಗ್ಗೆ, ಆಸ್ಪತ್ರೆಗೆ ಹೋಗುವ ವಾರ ನೆನಪಿಟ್ಟುಕೊಂಡು, ಅವಳೇ ಅವನ ಮನೆಗೆ ಹೋದಳು.

ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅದೇ ಘಾಟು. ಕಾಲು ಹಿಂದಕ್ಕೆ ಹೋಯಿತು... ಅವಳು ಅದನ್ನು ಮುಂದಿಟ್ಟಳು.

ಅವನು ನೆಲದ ಮೇಲೆ ಮಂಡಿಯೂರಿ ಹಾಸಿಗೆಯ ಬಟ್ಟೆ ತೆಗೆಯುತ್ತಿದ್ದ. ಮುದುಕರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವನು ತಲೆಯೆತ್ತಿ ಅವಳನ್ನು ಕಂಡು, ಬಟ್ಟೆಯನ್ನು ಹಿಂದೆ ಬಚ್ಚಿಟ್ಟುಕೊಂಡ.

"ನೀವು... ಇಲ್ಲಿಗೆ ಯಾಕೆ ಬಂದ್ರಿ? ಹೊರಗೆ ಇರಿ, ನಾನೇ ಬರ್ತೀನಿ."

"ಅಂಗಡಿ ಕಡೆ ಯಾಕೆ ಬರಲಿಲ್ಲ?"

"ಆಂಪ್ಲಿಫೈಯರ್ ಸರಿಯಿದೆಯಲ್ಲ."

"ಅದು ಕೆಟ್ರೆ ಮಾತ್ರ ಬರೋದಾ?"

ಅವನು ಎದ್ದು ನಿಂತ.

"ನೋಡಿ, ಅವತ್ತು ನೀವು ಅತ್ತಿರಿ. ಪಾಪ ಅಂತ ಅನ್ನಿಸಿರಬಹುದು. ಆದ್ರೆ ಪಾಪ ಅನ್ನೋದು ಒಂದು ದಿನಕ್ಕೆ ಸರಿ ರೀ. ಇದು ದಿನಾ ಇರೋದು. ಕರುಣೆಯಿಂದ ಬಂದಿದ್ರೆ ದಯವಿಟ್ಟು..."

"ಕರುಣೆಯಾ!" ಅವಳ ಮೀಟರು ಏರಿಯೇಬಿಟ್ಟಿತು. "ನನಗೆ ಈಗಲೂ ಅಸಹ್ಯ ಆಗ್ತಿದೆ ರೀ! ಬಾಗಿಲಲ್ಲೇ ಹೊಟ್ಟೆ ತೊಳೆಸ್ತು. ನಾಳೆ ಬಂದ್ರೂ ತೊಳೆಸುತ್ತೆ. ನಾನು ದೇವತೆ ಅಲ್ಲ. ಅಷ್ಟಾದ್ರೂ ಬಂದಿದ್ದೀನಿ... ನೀವು ಇರೋ ಕಡೆ ನನಗೆ ಇರಬೇಕು ಅನ್ನಿಸುತ್ತೆ, ಅದಕ್ಕೆ! ಇದಕ್ಕಿಂತ ಬಿಡಿಸಿ ಹೇಗೆ ಹೇಳ್ಲಿ?"

ಅವನ ಕೈಯಿಂದ ಬಟ್ಟೆ ಜಾರಿತು. ಅವನು ಮಾತಾಡಿದಾಗ ಧ್ವನಿ ಎಷ್ಟು ಸಣ್ಣಗಿತ್ತೆಂದರೆ ಅವಳು ಒಂದು ಹೆಜ್ಜೆ ಹತ್ತಿರ ಹೋಗಬೇಕಾಯಿತು.

"ನನಗೂ ಆಗುತ್ತೆ."

"ಏನು?"

"ಅಸಹ್ಯ." ಅವನ ಕಣ್ಣು ತುಂಬಿತು. "ನನ್ನಪ್ಪ ಅವರು. ನನ್ನನ್ನ ಎತ್ತಿ ತೊಳೆದು ಬೆಳೆಸಿದವರು. ಆದ್ರೂ ಪ್ರತಿ ದಿನ... ಉಸಿರು ಹಿಡ್ಕೊಂಡು ಮಾಡ್ತೀನಿ. ಎಷ್ಟೋ ಸಲ, ಇದು ಬೇಗ ಮುಗಿದುಹೋಗ್ಲಿ ಅಂತ... ಜನ ಎಲ್ಲ 'ಎಂಥಾ ಮಗ!' ಅಂತಾರೆ. ಕೇಳಿದಾಗೆಲ್ಲ ಸತ್ತುಹೋಗಬೇಕು ಅನ್ನಿಸುತ್ತೆ. ಯಾರಿಗೂ ಹೇಳಿಲ್ಲ ಇದನ್ನ."

ಅವಳು ಬಗ್ಗಿ, ಮುಖ ಕಿವುಚಿಕೊಂಡೇ ಬಟ್ಟೆಯ ಒಂದು ತುದಿ ಹಿಡಿದಳು. ಅವನು ಕಣ್ಣೊರೆಸಿಕೊಂಡು ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ಬಚ್ಚಲಿಗೆ ಸಾಗಿಸಿದರು.

ಮುದುಕರಿಗೆ ಒಗೆದ ಅಂಗಿ ತೊಡಿಸುವಾಗ ಅವರು ಅವಳ ಕೈಯನ್ನು ಹಿಡಿದು, ಯಾರೆಂದು ತಿಳಿಯದೆ, ಬಹಳ ಹೊತ್ತು ನೋಡಿದರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಅವನು ಕೊರಳಗುಂಡಿ ಹಾಕಿದ.

"ಒಂದು ಮಾತು ಕೇಳ್ಲಾ?" ಎಂದ ಅವನು, ಅಪ್ಪನ ಕಾಲರ್ ಸರಿ ಮಾಡುತ್ತಲೇ. "ನಿಮ್ಮ ಚಿಕ್ಕಪ್ಪನ ಹತ್ತಿರ ಬಂದು ಮಾತಾಡಿದ್ರೆ... ಅವರು ಏನಂತಾರೆ?"

"ಅವರು ಏನಂತಾರೆ ಅಂತ ಯಾಕೆ ಚಿಂತೆ? ನಾನು ಏನಂತೀನಿ ಅಂತ ಕೇಳಿ."

"ನೀವು ಏನಂತೀರಿ?"

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಒದ್ದೆಯಾದ ಪ್ಯಾಂಟು, ಕಲೆಯಾದ ಅಂಗಿ, ಮಂಜು ಕಟ್ಟಿದ ಕನ್ನಡಕ, ಅದರ ಹಿಂದೆ ಹೆದರಿದ ಎರಡು ಕಣ್ಣು.

"ಬನ್ನಿ ಅಂತೀನಿ," ಎಂದಳು. ನಗು ಬರುತ್ತಿತ್ತು. "ಆದ್ರೆ ಸ್ನಾನ ಮಾಡ್ಕೊಂಡು ಬನ್ನಿ!"

"ನೀವೂ," ಎಂದ ಅವನು.